ದೀಕ್ಷಾಸ್ನಾನದ ಕಲ್ತೊಟ್ಟಿ

ಪರದೇಶದ ಈ ಕ್ಯಾನಿಂಗ್ ವೇಲ್‌ನ ನಮ್ಮ ಚರ್ಚನ್ನು ಹೊರಗಿನಿಂದ ನೋಡಿದರೆ ಗೋಡೌನ್ ಅನ್ನಬೇಕು. ತಗಡಿನ ಸೂರು, ಒಳಗೆ ಕಾರ್ಪೆಟ್, ಮುಂದೆ ಮೈದಾನದಂಥ ಕಾರ್ ಪಾರ್ಕ್. ಬಾಗಿಲ ಪಕ್ಕದಲ್ಲಿ ಮಾತ್ರ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಒಂದು ಹಳೆಯ ಕಲ್ತೊಟ್ಟಿ. ಯುರೋಪಿನ ಯಾವುದೋ ಹಳ್ಳಿಯಲ್ಲಿ ಏಳೆಂಟು ಶತಮಾನ ಹಳೆಯ ಚರ್ಚೊಂದು ಪಾಳುಬಿದ್ದಾಗ ಅದನ್ನು ಹಡಗಿಗೇರಿಸಿ ಇಲ್ಲಿಗೆ ತಂದರಂತೆ. ಎಂಟು ಮೂಲೆ, ಸುತ್ತ ದ್ರಾಕ್ಷಿ ಬಳ್ಳಿಯ ಕೆತ್ತನೆ, ಒಳಗೆ ಸೀಸದ ತಗಡು, ಮೇಲೆ ಮರದ ಮುಚ್ಚಳ. ಅಂಚಿನಲ್ಲಿ ತುಕ್ಕು ಹಿಡಿದ ಎರಡು ಕಬ್ಬಿಣದ ಕೊಂಡಿಗಳು.

ಮೈಸೂರಿನಿಂದ ಬಂದ ಅಮ್ಮ ಮೊದಲ ಭಾನುವಾರವೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಆ ಕಲ್ಲನ್ನು ಮುಟ್ಟಿ ನಮಸ್ಕರಿಸಿದಳು. ಫಾದರ್‌ಗೆ ಹಿಗ್ಗೋ ಹಿಗ್ಗು. ಗೋಡೆಯ ಮೇಲಿದ್ದ ಆ ಹಳ್ಳಿ ಚರ್ಚಿನ ಫೋಟೋ ತೋರಿಸಿದರು. ಮೊಳಗಟ್ಟಲೆ ದಪ್ಪದ ಗೋಡೆ, ಸೀಳಿನಂಥ ಕಿಟಕಿ, ಪೂಜಾಪೀಠಕ್ಕೂ ಜನಕ್ಕೂ ನಡುವೆ ಕೆತ್ತನೆಯ ಮರದ ಜಾಲರಿ. ಕುರ್ಚಿ, ಬೆಂಚು ಒಂದೂ ಇಲ್ಲ. ಎಲ್ಲರೂ ನಿಂತೇ ಇರಬೇಕಿತ್ತು, ಗೋಡೆಗಂಟಿದ ಕಲ್ಲುಜಗಲಿ ಮುದುಕರಿಗೆ, ಕಾಯಿಲೆಯವರಿಗೆ ಮಾತ್ರ ಎಂದರು. ತೊಟ್ಟಿಯ ಆ ಕೊಂಡಿಗಳು ಏಕೆ ಎಂದು ಅಮ್ಮ ನನ್ನಿಂದ ಕೇಳಿಸಿದಳು. ಆಗ ಊರವರು ತೀರ್ಥವನ್ನು ಕದ್ದು ಕಾಯಿಲೆ ಬಿದ್ದ ಮಕ್ಕಳಿಗೂ ದನಗಳಿಗೂ ಕುಡಿಸುತ್ತಿದ್ದರಂತೆ, ಅದಕ್ಕೇ ಬೀಗ ಹಾಕಿಸುತ್ತಿದ್ದರಂತೆ.

"ಅಲ್ಲೂ ನಮ್ಮಂಥವ್ರೇ ಇದ್ರು ಅನ್ನು!" ಎಂದು ಅಮ್ಮ ನಕ್ಕಳು.

ನನಗೆ ನಗು ಬರಲಿಲ್ಲ. ಆರು ವರ್ಷದ ನನ್ನ ಮಗಳಿಗೆ ರಕ್ತದ ಕ್ಯಾನ್ಸರ್. ಅಮ್ಮ ಬಂದದ್ದೇ ಅದಕ್ಕಾಗಿ. ಕೀಮೋದಿಂದ ಮಗುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಇರಲಿಲ್ಲ. ಮನೆಗೆ ಹೂವನ್ನೂ ತರಗೊಡದ ಡಾಕ್ಟರ್ ತಾಯಿ ನಾನು.

ಒಂದು ದಿನ ಹಾಸಿಗೆ ಸರಿಮಾಡುವಾಗ ಮಗಳ ದಿಂಬಿನ ಕೆಳಗೆ ಜ್ಯೂಸಿನ ಪುಟ್ಟ ಬಾಟಲಿ ಸಿಕ್ಕಿತು, ಅರ್ಧ ನೀರು. "ಇಟ್ಸ್ ಅಜ್ಜೀಸ್ ಚರ್ಚ್ ವಾಟರ್, ಮಮ್ಮಿ. ಜಸ್ಟ್ ಎ ಲಿಟ್ಲ್ ಸಿಪ್," ಎಂದಳು ಮಗಳು. ನನ್ನ ಮೈಯೆಲ್ಲ ಉರಿದುಹೋಯಿತು. ಅಮ್ಮನ ಕಣ್ಣೆದುರೇ ಅದನ್ನು ಸಿಂಕಿಗೆ ಸುರಿದೆ.

"ನಿಂಗೆ ಬುದ್ಧಿ ಇದ್ಯಾಮ್ಮ? ನಿಂತ ನೀರದು! ಮಗು ಸತ್ತೋಗುತ್ತೆ!"

ಅಮ್ಮ ಒಣಗಿದ ತಟ್ಟೆಗಳನ್ನೇ ಮತ್ತೆ ಒರೆಸುತ್ತ ನಿಂತಳು. ನಾನು ಅಷ್ಟಕ್ಕೇ ಬಿಡುವವಳಲ್ಲ. ಕಾರಿನಲ್ಲಿ ಕೂತು ಫಾದರ್‌ಗೆ ಫೋನ್ ಮಾಡಿ, ಯಾವ ಮಗುವಿಗಾದರೂ ಅಪಾಯವಾದೀತು, ತೊಟ್ಟಿಗೆ ಬೀಗ ಹಾಕಿಸಿ ಎಂದು ಡಾಕ್ಟರ್ ಗತ್ತಿನಲ್ಲಿ ಹೇಳಿದೆ. ಒಲ್ಲದ ಮನಸ್ಸಿನಿಂದ ಅವರು ಒಪ್ಪಿದರು. ಅಮ್ಮನಿಗೆ ಇದನ್ನು ತಿಳಿಸಲಿಲ್ಲ.

ಎರಡು ದಿನ ಕಳೆದ ಮೇಲೆ, ಸೊಪ್ಪು ಬಿಡಿಸುತ್ತ ಅಮ್ಮ ತಾನಾಗಿಯೇ ಹೇಳಿದಳು: "ಕುದಿಸಿದ್ದೆ ಕಣೇ. ಬಾಟ್ಲಿನೂ ಕುದಿಸೇ ತುಂಬಿದ್ದು. ಡಾಕ್ಟ್ರನ್ನ ಹೆತ್ತಿದ್ದೀನಿ, ಅಷ್ಟೂ ತಿಳಿಯಲ್ವಾ ನಂಗೆ?"

ಮುಂದಿನ ವಾರ ಮಗುವಿಗೆ ಜ್ವರ ಬಂತು. ಅದಕ್ಕೂ ಆ ನೀರಿಗೂ ಸಂಬಂಧವಿರಲಿಲ್ಲ, ಪರೀಕ್ಷೆಯಲ್ಲಿ ಸಿಕ್ಕಿದ್ದು ಅವಳ ಕರುಳಿನಲ್ಲೇ ಇದ್ದ ಬ್ಯಾಕ್ಟೀರಿಯಾ. ಆಸ್ಪತ್ರೆಯಲ್ಲಿ ಕೊಡಬೇಕಾದ ಔಷಧಿಗಳನ್ನೆಲ್ಲ ಕೊಟ್ಟಿದ್ದರು. ಬಿಪಿ ಇಳಿಯುತ್ತಲೇ ಇತ್ತು. ಮಾನಿಟರ್ ಓದಲು ಬಾರದ ತಾಯಂದಿರನ್ನು ಕಂಡು ಆವತ್ತು ನನಗೆ ಹೊಟ್ಟೆಕಿಚ್ಚಾಯಿತು.

"ಮಧ್ಯಾಹ್ನದ ತನಕ ನಾನಿರ್ತೀನಿ. ಅಮ್ಮನ್ನ ಮನೆಗೆ ಬಿಟ್ಟು, ಮುಖ ತೊಳ್ಕೊಂಡ್ ಬಾ," ಎಂದ ಗಂಡ.

ಕಾರು ಮನೆಯ ಕಡೆಗೆ ತಿರುಗಲೇ ಇಲ್ಲ. ಚರ್ಚಿನ ಮುಂದೆ ನಿಲ್ಲಿಸಿದಾಗ ಅಮ್ಮ ಜಪಸರ ಕೈಗೆತ್ತಿಕೊಂಡಳು. ಖಾಲಿ ಬಾಟಲಿ ಹಿಡಿದು ನಾನೊಬ್ಬಳೇ ಒಳಗೆ ಹೋದೆ. ಆ ಹಳೆಯ ಕೊಂಡಿಗಳಿಗೇ ಸರಳು ಸಿಕ್ಕಿಸಿ ಹೊಸ ಬೀಗ ಜಡಿದಿದ್ದರು. ಎಳೆದೆ. ಎರಡೂ ಕೈಯಿಂದ ಜಗ್ಗಿದೆ. ಹಳ್ಳಿಯ ಆ ತಾಯಂದಿರೂ ಹೀಗೇ ಜಗ್ಗಿರಬೇಕು. ಫಾದರ್ ಮನೆಯ ಬೆಲ್ ಒತ್ತಿದೆ, ಯಾರೂ ಇರಲಿಲ್ಲ.

ಕಾರಿಗೆ ಮರಳಿದಾಗ ಅಮ್ಮ ನನ್ನ ಕೈಲಿದ್ದ ಖಾಲಿ ಬಾಟಲಿ ನೋಡಿದಳು.

"ಬೀಗ ಹಾಕಿದೆ, ಅಮ್ಮ."

"ದೇವ್ರು ಕೊಟ್ರೂ ಪೂಜಾರಿ ಕೊಡ," ಎಂದು ನಿಟ್ಟುಸಿರಿಟ್ಟು ಅಮ್ಮ ಫಾದರ್ ಮನೆಯ ಕಡೆಗೆ ನೋಡಿದಳು. ಆ ಪೂಜಾರಿ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಕಾರನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿದೆ.