ಟೇಲರ್ ಹಕ್ಕಿಯ ದಂಡು

ಚಳಿಗಾಲ ಬಂತೆಂದರೆ ನಮ್ಮ ಹಕ್ಕಿ-ಗಿಡಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಕಣ್ಣೂ ಚುರುಕಾಗುತ್ತವೆ. ಕಪನೂರಿನ ವರ್ಕ್‌ಶಾಪಿನ ತಗಡಿನ ಮೇಲೆ ಬಾಲ ಕುಣಿಸುವ ಪುಟ್ಟ ಹಕ್ಕಿ, ನಮ್ಮೂರ ಕೋಟೆಯ ಕಂದಕದ ಅಂಚಿನಲ್ಲಿ ಓಡಾಡುವ ಸಿಪಿಲೆ ಹಕ್ಕಿ, ಯಾರದೋ ಹೊಲದ ಬದುವಿನಲ್ಲಿ ಅವಸರಪಟ್ಟು ಮೊಗ್ಗು ಬಿಟ್ಟ ಮುತ್ತುಗ, ಎಲ್ಲವೂ ಬೆಳಗಿನ ಚಹಾದ ಹೊತ್ತಿಗೆ ಫೋನಿಗೆ ಬಂದು ಬೀಳುತ್ತವೆ. ಅವನ್ನೆಲ್ಲ ಪಟ್ಟಿ ಮಾಡಿ ಇಡುವ ಕೆಲಸ ನನ್ನದು. ಯಾರೂ ಒಪ್ಪಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿ ಜೇವರ್ಗಿ ಕಾಲೋನಿಯ ಮನೆಯಲ್ಲಿ ಕೂತವಳು ನಾನು. ಕೈಯಿಂದ ಕೆಂಪು ಪೆನ್ನು ಹೋದರೂ ತಲೆಯಿಂದ ಹೋಗಿರಲಿಲ್ಲ. ಹೆಣ್ಣು ಗುಬ್ಬಿಯ ಫೋಟೋ ಹಾಕಿ ‘ಅಪರೂಪದ ಅತಿಥಿ’ ಎಂದು ಬರೆದವರನ್ನು ಸುಮ್ಮನೆ ಬಿಟ್ಟವಳಲ್ಲ. ಗುಂಪಿನವರು ನನಗೆ ಹೆದರುತ್ತಾರೆಂದು ಗೊತ್ತಿತ್ತು. ಸುಳ್ಳೇಕೆ ಹೇಳಲಿ, ಅದು ನನಗೆ ಖುಷಿಯನ್ನೇ ಕೊಡುತ್ತಿತ್ತು.

ಗುಂಪಿನಲ್ಲಿ ಕೋಟೆಯ ಹತ್ತಿರ ಅಂಗಡಿ ಇಟ್ಟುಕೊಂಡ ಟೇಲರ್ ಒಬ್ಬರಿದ್ದರು. ಅರವತ್ತು ದಾಟಿದವರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಹೀಗಾಗಿ ಎರಡೂ ಅವರ ಬಾಯಲ್ಲಿ ಕಲೆತು ಬರುತ್ತಿದ್ದವು. ಕನ್ನಡ ಓದುತ್ತಿದ್ದರು, ಫೋನಿನಲ್ಲಿ ಬರೆಯಲು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಅವರ ಹೆಂಡತಿಯ ತವರು ಕಮಲಾಪುರ. ಭಾನುವಾರ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿಬರುವಾಗ ದಾರಿಯಲ್ಲಿ ಕಂಡದ್ದನ್ನೆಲ್ಲ ಸಂತೋಷದಿಂದ ವರದಿ ಮಾಡುತ್ತಿದ್ದರು.

ಡಿಸೆಂಬರಿನ ಒಂದು ಭಾನುವಾರ ಅವರ ಸಂದೇಶ ಬಂತು. ಹಿಂದೆ ಗಾಳಿ, ಲಾರಿಯ ಹಾರ್ನ್. ನನಗೆ ಕೇಳಿಸಿದ್ದು ಇಷ್ಟು. “ಮೇಡಂ, ಕಮಲಾಪುರದ ಹೊಲದಾಗ ಟೇಲರ್ ಬಂದಾವ್ರಿ. ಸಾವಿರಗಟ್ಲೆ ಬಂದಾವ. ಜೋಳದ ತೆನಿ ಮ್ಯಾಲ ಕುಂತಾವ, ನಾ ಖುದ್ದ ನೋಡೀನಿ.”

ಟೇಲರ್ ಹಕ್ಕಿ ಎಂದರೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಹೆಬ್ಬೆರಳಿನಷ್ಟು ಜೀವ. ವರ್ಷವಿಡೀ ನಮ್ಮ ಹಿತ್ತಲಲ್ಲೇ ಇರುತ್ತದೆ, ಅದೂ ಒಂದೋ ಎರಡೋ. ತಿನ್ನುವುದು ಹುಳ. ಸಂದೇಶವನ್ನು ಇನ್ನೊಮ್ಮೆ ಕೇಳುವ ತಾಳ್ಮೆ ನನಗಿರಲಿಲ್ಲ. ತಕ್ಷಣ ಗುಂಪಿನಲ್ಲೇ ಬರೆದೆ: “ಟೇಲರ್ ಹಕ್ಕಿ ಹಿಂಡು ಕಟ್ಟುವುದಿಲ್ಲ, ಜೋಳವನ್ನೂ ತಿನ್ನುವುದಿಲ್ಲ. ಒಂದೇ ಕಡೆ ಸಾವಿರ ಟೇಲರ್ ಕಂಡಿದ್ದರೆ ಅದು ನಿಮ್ಮ ಸಂಘದ ಸಭೆ ಇರಬೇಕು.”

ನಗುವ ಮುಖಗಳು ಸಾಲುಗಟ್ಟಿ ಬಂದವು. ನಾನೂ ಚಹಾ ಕುಡಿಯುತ್ತ ನಕ್ಕೆ. ಸ್ವಲ್ಪ ಹೊತ್ತಿಗೆ ಅವರ ಧ್ವನಿ ಬಂತು. “ಗಲತಿ ಆಗೇತ್ರಿ ಮೇಡಂ, ಮಾಫ್ ಮಾಡ್ರಿ.” ಅದಾದ ಮೇಲೆ ಅವರ ಕಡೆಯಿಂದ ಏನೂ ಬರಲಿಲ್ಲ. ಎರಡು ಭಾನುವಾರ ಕಳೆದವು, ಮೂರಾದವು. ಮುಖ ಊದಿಸಿಕೊಂಡಿದ್ದಾರೆ, ತಾವೇ ಸರಿಹೋಗುತ್ತಾರೆ ಅಂದುಕೊಂಡೆ.

ಸಂಕ್ರಾಂತಿ ಆದ ಮೇಲೆ ಕೆಂಪು ಬಾಳೆಯ ತೋಟ ನೋಡಲೆಂದು ನಾನೇ ಕಮಲಾಪುರಕ್ಕೆ ಹೋದೆ. ಊರಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಬಿಳಿಜೋಳದ ಹೊಲವೊಂದರ ಮೇಲೆ ಚಾದರ ಕೊಡವಿದ ಹಾಗೆ ಏನೋ ಎದ್ದಿತು, ಮಡಿಚಿಕೊಂಡಿತು, ಮತ್ತೆ ತೆನೆಗಳ ಮೇಲೆ ಇಳಿಯಿತು. ಕಾರು ನಿಲ್ಲಿಸಿ ದುರ್ಬೀನು ಹಿಡಿದೆ. ಕಪ್ಪು ತಲೆ, ತಿಳಿಗುಲಾಬಿ ಮೈ. ದೂರದ ದೇಶಗಳಿಂದ ಚಳಿಗಾಲಕ್ಕೆ ಬರುವ ಗುಲಾಬಿ ಕಬ್ಬಕ್ಕಿ, ಲೆಕ್ಕ ಹಿಡಿಯಲಾಗದಷ್ಟು. ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸಲು ತಾಟು ಬಡಿಯುತ್ತಿದ್ದ ಹೆಣ್ಣುಮಗಳನ್ನು, ಇವಕ್ಕೆ ಇಲ್ಲಿ ಏನನ್ನುತ್ತೀರಿ ಎಂದು ಕೇಳಿದೆ.

“ತಿಲಿಯರ್ ರೀ ಯಕ್ಕಾ,” ಎಂದಳು ಆಕೆ. “ಮುಂಜಾನಿಂದ ಒದರಾಕತ್ತೀನಿ, ಒಂದೂ ಮಾತ ಕೇಳಾಂಗಿಲ್ಲ.”

ಅಲ್ಲೇ ಬದುವಿನ ಮೇಲೆ ನಿಂತು ಟೇಲರ್ ಕಳಿಸಿದ್ದ ಹಳೆಯ ಧ್ವನಿ ಸಂದೇಶ ಹುಡುಕಿ ಕಿವಿಗೆ ಒತ್ತಿಕೊಂಡೆ. ಗಾಳಿಯ ಸದ್ದಿನ ನಡುವೆ ಅವರು ಹೇಳಿದ್ದು ತಿಲಿಯರ್ ಎಂದೇ. ಅವರ ಎಣಿಕೆಯೂ ಸರಿ, ಜೋಳವೂ ಸರಿ. ಗುಂಪಿನ ಯಾರಿಗೂ ಅಷ್ಟು ದೊಡ್ಡ ಹಿಂಡು ಆ ಚಳಿಗಾಲದಲ್ಲಿ ಕಂಡಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಬಾಳೆ ತೋಟ ನೋಡದೆ ಹಿಂದಿರುಗಿದೆ.

ಮರುದಿನ ಅವರ ಅಂಗಡಿಗೆ ಹೋದೆ. ಅವರು ಯಾರದೋ ಶೇರ್ವಾನಿಗೆ ಗುಂಡಿಯ ಕಾಜಾ ಹಾಕುತ್ತಿದ್ದರು. ಎದ್ದು ಸ್ಟೂಲು ಒರೆಸಿ ಕೊಟ್ಟರು, ಎದುರಿನ ಹೋಟೆಲಿಗೆ ಚಹಾ ಹೇಳಿದರು. ತಪ್ಪು ನನ್ನದು, ನಿಮ್ಮ ಮಾತು ಸರಿಯಾಗಿ ಕೇಳಿಸಿಕೊಳ್ಳದೆ ಬಾಯಿಗೆ ಬಂದಂತೆ ಬರೆದೆ, ನಿಮಗೆ ಸಿಟ್ಟು ಬಂದದ್ದು ನ್ಯಾಯವೇ ಎಂದೆ. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

“ಸಿಟ್ಟ ಯಾಕ್ರಿ ಮೇಡಂ,” ಎಂದರು ಅವರು. “ನೀವು ಓದಿದವರು. ನೀವು ಟೇಲರ್ ಅಂತ ಬರದ್ರಿ. ಹಂಗಾದ್ರ ಅಸಲಿ ಹೆಸರು ಅದಾ ಇರಬೇಕು, ನಮ್ಮ ಅಮ್ಮಿ ಕೆಡಿಸಿ ತಿಲಿಯರ್ ಅಂತಿದ್ಲು ಅಂದ್ಕೊಂಡೆ. ಆಕಿ ಸಾಲಿ ಕಲತಾಕಿ ಅಲ್ಲ. ಮೊಮ್ಮಗಳಿಗೂ ಹೇಳಿಬಿಟ್ಟೀನಿ, ಹಂಗ ಅನಬ್ಯಾಡವ್ವ, ಮಂದಿ ನಗ್ತಾರ, ಟೇಲರ್ ಅನ್ನು ಅಂತ.”

ಅವರು ಮುನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಒಂದು ಸಾಲಿನ ಗೇಲಿಗೆ ಈ ಮನುಷ್ಯ ತನ್ನ ತಾಯಿಯ ಮಾತನ್ನೇ ತಿದ್ದಿಕೊಂಡಿದ್ದರು. ಕೆಂಪು ಪೆನ್ನಿನಿಂದ ಎಷ್ಟೋ ತಪ್ಪುಗಳನ್ನು ಗುರುತು ಹಾಕಿದವಳು ನಾನು, ಸರಿಯಿದ್ದದ್ದನ್ನು ಹೊಡೆದುಹಾಕಿದ್ದು ಎಷ್ಟು ಸಲವೋ ದೇವರೇ ಬಲ್ಲ. ಹೆಸರು ನಿಮ್ಮದೇ ಸರಿ, ಕಮಲಾಪುರದ ಹೊಲದಲ್ಲೂ ಹಾಗೇ ಅನ್ನುತ್ತಾರೆ, ಕೆಟ್ಟದ್ದು ನನ್ನ ಕಿವಿ ಎಂದು ಹೇಳಿದೆ. ಅಲ್ಲೇ ಕೂತು ಗುಂಪಿನಲ್ಲೂ ಅದನ್ನೇ ಬರೆದೆ. ಪಟ್ಟಿಯಲ್ಲಿ ಅವರ ಹಿಂಡನ್ನು ಸೇರಿಸಿದೆ. ಆಮೇಲೆ, ಎಲ್ಲರೂ ಕೇಳಲಿ, ಆ ಹೆಸರನ್ನು ನಿಮ್ಮ ಬಾಯಿಂದಲೇ ಒಮ್ಮೆ ಹೇಳಿ ಎಂದು ಫೋನು ಹಿಡಿದೆ.

ಅವರು ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಗಂಟಲು ಸರಿಮಾಡಿಕೊಂಡರು. “ತಿಲಿಯರ್,” ಎಂದರು. ಮತ್ತೆ ನನ್ನ ಮುಖ ನೋಡಿ, “ಸರಿ ಐತೇನ್ರಿ ಮೇಡಂ?” ಎಂದು ಕೇಳಿದರು.

ಹುಟ್ಟಿದಾಗಿನಿಂದ ಅವರು ಯಾರನ್ನೂ ಕೇಳದೆ ಹೇಳಿಕೊಂಡು ಬಂದ ಹೆಸರು ಅದು. ಸರಿ ಇದೆ ಎಂದೆ. ಅದನ್ನು ಹೇಳುವಾಗಲೂ ನನ್ನ ದನಿ ಪೇಪರು ತಿದ್ದುವ ಮೇಡಂನದೇ ಆಗಿತ್ತು.