ಠಣ್ಣಕ್ಕನ ಹೆಡ್‌ಫೋನು

ನನ್ನ ಸೋದರತ್ತೆಗೆ ಒಂದು ಹೆಡ್‌ಫೋನ್ ಕೊಡಿಸುವುದಕ್ಕಿಂತ ಎರಡನೇ ಮದುವೆ ಮಾಡಿಸುವುದು ಸುಲಭವಿತ್ತು. ಮಾವ ಗುಂಡುಕಲ್ಲಿನ ಹಾಗೆ ಬದುಕಿದ್ದಾರೆ, ಆದರೂ ಈ ಮಾತು ಹೇಳುತ್ತಿದ್ದೇನೆ. ಕೇಳಿದರೆ ಅವರೂ ಹೂಂ ಅನ್ನುತ್ತಾರೆ.

ಅತ್ತೆ ಕೆಲಸ ಮಾಡುವುದು ಪಿಂಗಾಣಿ ಕಾರ್ಖಾನೆಯಲ್ಲಿ. ಭಟ್ಟಿಯಿಂದ ಇಳಿದ ಕಪ್ಪುಗಳು ಹಲಗೆಯ ಮೇಲೆ ಸಾಲಾಗಿ ಅವಳ ಮುಂದೆ ಬರುತ್ತವೆ. ಅವಳು ಒಂದೊಂದನ್ನೂ ಎಡಗೈಯ ಮೂರು ಬೆರಳ ತುದಿಯಲ್ಲಿ ಕೂರಿಸಿಕೊಂಡು, ಪೆನ್ಸಿಲ್ ಉದ್ದದ ಮರದ ಕಡ್ಡಿಯಿಂದ ಅಂಚಿಗೆ ಒಂದೇ ಒಂದು ಪೆಟ್ಟು ಕೊಡುತ್ತಾಳೆ. ಠಣ್ ಅಂದರೆ ಗಟ್ಟಿ, ಬಲಕ್ಕೆ. ಠಪ್ ಅಂದರೆ ಒಡಕು, ಬುಟ್ಟಿಗೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕೂ ಅವಳ ಕಿವಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಇದೇ ಬೆಂಚು, ಇದೇ ಕಡ್ಡಿ. ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ಠಣ್ಣಕ್ಕ.

ಈ ರೋಗ ಕಾರ್ಖಾನೆಯ ಗೇಟಿನಲ್ಲಿ ನಿಲ್ಲಲಿಲ್ಲ. ಮನೆಯಲ್ಲೂ ಅವಳು ಕುಂಬಳಕಾಯಿ ತಟ್ಟುತ್ತಾಳೆ, ಹೊಸ ಬಕೆಟ್ ತಟ್ಟುತ್ತಾಳೆ, ಬಾಗಿಲು ತಟ್ಟಿ "ಇದಕ್ಕೆ ಹುಳ ಹಿಡಿದಿದೆ" ಅನ್ನುತ್ತಾಳೆ. ನಾನು ಪರೀಕ್ಷೆಯಲ್ಲಿ ಫೇಲಾದಾಗ ನನ್ನ ತಲೆಯನ್ನೂ ತಟ್ಟಿ ನೋಡಿ "ಗಟ್ಟಿಯಾಗೇ ಇದೆ, ಒಳಗೆ ಏನೂ ಇಲ್ಲ ಅಷ್ಟೆ" ಅಂದಿದ್ದಳು. ಮಾವ ಮೊದಲ ಸಲ ಹೆಣ್ಣು ನೋಡಲು ಬಂದು ಟೀ ಕಪ್ ಬಾಯಿಗಿಟ್ಟಾಗ, ಇವಳು ಎದ್ದು ಬಂದು ಅದನ್ನು ಕಿತ್ತುಕೊಂಡು "ಇದು ಒಡೆದಿದೆ, ಬೇರೆ ತರ್ತೀನಿ" ಅಂದಳಂತೆ. "ಕಪ್ಪು ಹೋಯ್ತು, ನಾನು ಪಾಸಾದೆ" ಎಂದು ಮಾವ ಇವತ್ತಿಗೂ ಬೀಗುತ್ತಾರೆ.

ಇಷ್ಟು ಕಿವಿ ಇರುವವಳು ಹಾಡುವುದಿಲ್ಲ. ಗುನುಗುವುದೂ ಇಲ್ಲ. ಹದಿನೆಂಟು ವರ್ಷದವಳಿದ್ದಾಗ ತಾತ ಅವಳ ಹಾಡನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿದ್ದರಂತೆ. ಹಾಕಿ ಕೇಳಿಸಿದಾಗ ಅವಳು ಒಂದು ನಿಮಿಷ ಕೇಳಿ "ಠಪ್" ಅಂದು ಎದ್ದು ಹೋದಳಂತೆ. ಅಂದಿನಿಂದ ಬಾಯಿಗೆ ಬೀಗ. ಬೇರೆಯವರ ಹಾಡು ಕೇಳುವುದು ಮಾತ್ರ ಅವಳಿಗೆ ಪ್ರಾಣ.

ಎರಡು ತಿಂಗಳ ಕೆಳಗೆ ಮಾವ ನನಗೆ ಫೋನ್ ಮಾಡಿದರು. "ನಿಮ್ಮತ್ತೆ ರೇಡಿಯೋನ ಎಷ್ಟು ಜೋರಾಗಿ ಇಡ್ತಾಳೆ ಅಂದ್ರೆ, ಮೇಲಿನ ಮನೆಯವರು ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ತಾರೆ. ಒಂದು ಹೆಡ್‌ಫೋನ್ ಕೊಡಿಸಮ್ಮ ತಾಯಿ. ಕೆಲಸಕ್ಕೆ ಹೋಗೋವಾಗ ಬಸ್ಸಲ್ಲೂ ಆಗುತ್ತೆ."

ಅತ್ತೆಯನ್ನು ಕೇಳಿದರೆ ತಪ್ಪು ರೇಡಿಯೋದ್ದು. "ಹಳೇದಾಯ್ತು. ದನಿ ಸೋತಿದೆ." ಹೆಡ್‌ಫೋನಿಗೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ಒಂದು ಜೊತೆ ಚಪ್ಪಲಿಗಿಂತ ದುಬಾರಿಯಾದದ್ದು ಬೇಡ. "ದಿನವಿಡೀ ಮೈ ಹೊರೋದು ಕಾಲು. ಕಿವಿ ಏನು ಹೊರುತ್ತೆ? ಕಾಲಿಗಿಂತ ಕಿವಿಗೆ ಜಾಸ್ತಿ ಖರ್ಚು ಮಾಡಿದ್ರೆ ಕಾಲು ಬೇಜಾರು ಮಾಡ್ಕೊಳುತ್ತೆ."

ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ದಾರಿಯಲ್ಲಿ ಅವಳು ಮಾತಿನ ನಡುವೆ ಸುಮ್ಮನೆ ಸೇರಿಸಿದಳು, "ಸೋಮವಾರ ಕಾರ್ಖಾನೆಯಲ್ಲಿ ಕಿವಿ ಟೆಸ್ಟು. ವರ್ಷಾವರ್ಷ ಇದ್ದದ್ದೇ. ಫೇಲಾದವರನ್ನ ಪ್ಯಾಕಿಂಗಿಗೆ ಹಾಕ್ತಾರೆ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಠಣ್ಣಕ್ಕ ಕಿವಿ ಟೆಸ್ಟಿನಲ್ಲಿ ಫೇಲಾಗುವುದು ಅಂದರೆ ಮೀನು ಈಜಿನಲ್ಲಿ ಫೇಲಾದ ಹಾಗೆ.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಎರಡೂ ಗೋಡೆಗೆ ಹೆಡ್‌ಫೋನ್ ನೇತುಹಾಕಿಕೊಂಡಿತ್ತು. ಅಂಗಡಿಯವನು ಐವತ್ತರ ಆಸುಪಾಸಿನವನು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಕೌಂಟರಿನ ಮೇಲೆ ಹುಡುಕುತ್ತಿದ್ದ. ಮೊದಲು ತೋರಿಸಿದ್ದು ಕಪ್ಪು ಬಣ್ಣದ, ವೈರಿನ, ಮಡಿಚಿ ಚೀಲದಲ್ಲಿಡುವಂಥದ್ದು. ಇದ್ದುದರಲ್ಲಿ ಅತಿ ಅಗ್ಗದ್ದು. ಅತ್ತೆ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಮೂರು ಬೆರಳ ತುದಿಯಲ್ಲಿ ಕೂರಿಸಿಕೊಂಡು, ಚೀಲದಿಂದ ಕಡ್ಡಿ ತೆಗೆದು, ಅಂಚಿಗೆ ಒಂದು ಪೆಟ್ಟು ಕೊಟ್ಟಳು.

ಅಂಗಡಿಯವನ ಕನ್ನಡಕ ಹಣೆಯಿಂದ ತಾನಾಗಿ ಮೂಗಿಗಿಳಿಯಿತು. "ಅಮ್ಮಾ, ಅದು ಪ್ಲಾಸ್ಟಿಕ್ಕು."

"ಗೊತ್ತು. ಪ್ಲಾಸ್ಟಿಕ್ಕಿಗೂ ಒಂದು ಮಾತು ಇರುತ್ತೆ."

ನಾನು ನೆಲ ನೋಡುತ್ತ ನಿಂತೆ. ಕೊನೆಗೆ ಫೋನಿಗೆ ಸಿಕ್ಕಿಸಿ ಅವಳ ಪ್ರೀತಿಯ ಹಳೆಯ ಹಾಡು ಹಾಕಿದೆ. ಹಳೆಯ ರೆಕಾರ್ಡಿಂಗ್, ಕೊಳಲೆಲ್ಲ ಎಡಗಡೆ, ಹಾಡುವವಳ ದನಿಯೆಲ್ಲ ಬಲಗಡೆ. ಅತ್ತೆ ಕಣ್ಣು ಮುಚ್ಚಿ ಕೇಳಿದಳು, ಕಣ್ಣು ತೆರೆದಳು. "ಕೊಳಲೆಲ್ಲಿ? ಎಡಗಡೆ ಠಪ್."

ಎರಡನೆಯದು ಬಂತು, ಮೆತ್ತನೆ ದಿಂಬಿನದು. ಎಡಗಡೆ ಠಪ್. ಮೂರನೆಯದು ಕಿವಿಯೊಳಗೇ ಸಿಕ್ಕಿಸುವುದು. "ಯಾರೋ ಬೆರಳು ಹಾಕ್ದಂಗಿದೆ" ಅಂದಳು, ಆಮೇಲೆ ಎಡಗಡೆ ಠಪ್. ನಾಲ್ಕನೆಯದಕ್ಕೆ ವೈರೇ ಇಲ್ಲ. ಅದನ್ನು ದಿನಾ ಚಾರ್ಜ್ ಮಾಡಬೇಕು ಎಂದು ಕೇಳಿ ಅವಳಿಗೆ ನಗು ಬಂತು. "ಮನೇಲಿ ಒಬ್ರಿಗೆ ದಿನಾ ಚಾರ್ಜ್ ಮಾಡಿ ಸಾಕಾಗಿದೆ." ಐದನೆಯದನ್ನು ಅಂಗಡಿಯವನು ಎರಡೂ ಕೈಯಲ್ಲಿ ಹಿಡಿದು ತಂದ. "ಇದ್ರಲ್ಲಿ ಬೇಸ್ ಎಕ್ಸ್‌ಟ್ರಾ ಇದೆ ಅಮ್ಮಾ."

"ಎಕ್ಸ್‌ಟ್ರಾ ಯಾಕೆ? ಹಾಡಲ್ಲಿ ಎಷ್ಟಿದೆಯೋ ಅಷ್ಟೇ ಕೊಡಿ."

ಆ ಮಾತಿಗೆ ನಾನು ಚಪ್ಪಾಳೆ ತಟ್ಟುವವಳಿದ್ದೆ. ಆದರೆ ಐದನೆಯದಕ್ಕೂ ಎಡಗಡೆ ಠಪ್. ಆರಕ್ಕೂ ಠಪ್. ಏಳನೆಯದು ಚಪ್ಪಲಿ ಲೆಕ್ಕ ಬಿಡಿ, ಬೂಟಿನ ಲೆಕ್ಕವನ್ನೂ ದಾಟಿತ್ತು. ಅದಕ್ಕೂ ಠಪ್. ಅಂಗಡಿಯವನು ಒಂದೊಂದನ್ನೂ ತಾನು ಹಾಕಿ ನೋಡಿದ, ಚೆನ್ನಾಗಿತ್ತು. ನಾನು ಹಾಕಿ ನೋಡಿದೆ, ಎಡಗಿವಿಯಲ್ಲಿ ಕೊಳಲು ಜೇನಿನ ಹಾಗೆ ಇಳಿಯುತ್ತಿತ್ತು.

"ನಿಮಗೆ ಕಿವಿ ಇಲ್ಲ," ಅತ್ತೆ ಇಬ್ಬರಿಗೂ ಒಟ್ಟಿಗೆ ತೀರ್ಪು ಕೊಟ್ಟಳು. "ಇಡೀ ಲಾಟೇ ಕೆಟ್ಟಿದೆ. ಭಟ್ಟಿ ಸರಿ ಕಾದಿಲ್ಲ ಇವರದ್ದು."

ನನ್ನ ಕೋಪ ಇರುವುದು ಮೂಗಿನ ತುದಿಯಲ್ಲಿ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ! ಎಡಗಡೇದು ಕೆಟ್ಟಿದ್ರೆ ಉಲ್ಟಾ ಹಾಕ್ಕೋ ನೋಡೋಣ. ಆಗ ಕೆಟ್ಟದ್ದು ಬಲಗಡೆ ಬರ್ಬೇಕಲ್ವಾ?"

ಅವಳು ಉಲ್ಟಾ ಹಾಕಿಕೊಂಡಳು. ನಾನು ಹಾಡನ್ನು ಮೊದಲಿಂದ ಹಾಕಿದೆ.

"ಈಗ ಕೊಳಲು ಕೇಳಿಸ್ತಿದೆ," ಅಂದಳು ಮೆಲ್ಲಗೆ. "ಹಾಡೋಳು ಹೋದ್ಲು."

ಅಂಗಡಿಯವನು ಕನ್ನಡಕ ತೆಗೆದು ಒರೆಸತೊಡಗಿದ. ಅತ್ತೆ ಹೆಡ್‌ಫೋನ್ ತೆಗೆದು ನೀಟಾಗಿ ಮಡಿಚಿ ಕೌಂಟರಿನ ಮೇಲಿಟ್ಟಳು, ಕಡ್ಡಿಯನ್ನು ಚೀಲಕ್ಕೆ ಹಾಕಿದಳು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನನ್ನ ನಾಲಿಗೆಯನ್ನು ಯಾರಾದರೂ ಕಿತ್ತುಕೊಂಡು ಹೋಗಬಾರದೇ ಅನ್ನಿಸಿತು.

ನಾನು ಪಕ್ಕದಲ್ಲಿ ಕೂತೆ. ಎಡಗಡೆ ಕೂತಿದ್ದೆ, ನೆನಪಾಗಿ ಎದ್ದು ಬಲಗಡೆಗೆ ಬಂದೆ. ಅದನ್ನು ನೋಡಿ ಅವಳು ನಕ್ಕಳು, ನಗುವಾಗಲೇ ಕಣ್ಣು ತುಂಬಿತು.

"ಗೊತ್ತಿತ್ತು ನಂಗೆ. ಎರಡು ತಿಂಗಳಾಯ್ತು. ಕಪ್ ತಟ್ಟೋವಾಗ ತಲೆ ತಿರುಗಿಸಿ ಬಲಗಿವಿ ಕೊಡ್ತಿದ್ದೀನಿ. ಚೂರು ಅನುಮಾನ ಬಂದ್ರೂ ಬುಟ್ಟಿಗೆ ಹಾಕ್ತೀನಿ. ಸೂಪರ್‌ವೈಸರ್ ಬಂದು, ಏನಮ್ಮ ಬುಟ್ಟಿ ಇಷ್ಟು ಬೇಗ ತುಂಬ್ತಿದೆ ಅಂದ. ಭಟ್ಟಿ ಸರಿಯಿಲ್ಲ ಅಂದೆ. ರೇಡಿಯೋ ಸರಿಯಿಲ್ಲ ಅಂದೆ. ಸೋಮವಾರ ಏನನ್ನಲಿ? ಟೆಸ್ಟು ಮಾಡೋ ಮಿಷಿನ್ ಸರಿಯಿಲ್ಲ ಅನ್ನಲಾ?" ಮೂಗು ಒರೆಸಿಕೊಂಡಳು. "ಪ್ಯಾಕಿಂಗಲ್ಲಿ ಕೂತ್ಕೊಂಡು ಡಬ್ಬಕ್ಕೆ ಹುಲ್ಲು ತುಂಬ್ಬೇಕು. ಹುಲ್ಲನ್ನ ಏನಂತ ತಟ್ಟಲಿ?"

ಅವಳನ್ನು ಎಳೆದುಕೊಂಡು ಹೊರಟೆ. ಎರಡು ಬೀದಿ ಆಚೆ ಕಿವಿ ಡಾಕ್ಟರಮ್ಮನ ಬೋರ್ಡು ನೋಡಿದ್ದು ನೆನಪಿತ್ತು. ಅತ್ತೆ ದಾರಿಯುದ್ದಕ್ಕೂ ಬೇಡ ಬೇಡ ಅಂದಳು, ನಾನು ಅವಳ ಎಡಗಡೆಯೇ ನಡೆದಿದ್ದರಿಂದ ನನ್ನ ಬೈಗುಳ ಒಂದೂ ಅವಳ ಕಿವಿಗೆ ಬೀಳಲಿಲ್ಲ.

ಡಾಕ್ಟರಮ್ಮ ದೀಪ ಹಿಡಿದು ಎಡಗಿವಿಯೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. "ಕಿವಿಗೆ ಹತ್ತಿ ಇಟ್ಕೊಳ್ತೀರಾ?"

"ಕಾರ್ಖಾನೇಲಿ ಬೆಂಚಿಗೆ ಹೋಗೋ ದಾರೀಲಿ ಎಡಗಡೆ ಭಟ್ಟಿ ಫ್ಯಾನಿದೆ ಡಾಕ್ಟ್ರೇ. ಬೆಂಚಿಗೆ ಕೂರೋ ತನಕ ಅದರ ಗದ್ದಲ ತಾಗ್ದಿರ್ಲಿ ಅಂತ ದಿನಾ ಹತ್ತಿ ಇಟ್ಕೊಂಡೇ ಹಾದುಹೋಗ್ತೀನಿ. ಇಪ್ಪತ್ತಾರು ವರ್ಷದಿಂದ. ಕಿವಿ ಅಂದ್ರೆ ನಂಗೆ ಅನ್ನ."

"ದಿನಾ ತೆಗೀತೀರಾ?"

"ತೆಗೀತೀನಲ್ಲ!" ಅಂದವಳು ಸ್ವಲ್ಪ ತಡೆದಳು. "ತೆಗೀತೀನಿ ಅಂದ್ಕೊಂಡಿದ್ದೀನಿ."

ಬೆಚ್ಚಗಿನ ನೀರು, ದೊಡ್ಡ ಪಿಚಕಾರಿ, ಕೆಳಗೆ ಸ್ಟೀಲಿನ ಬೇಸಿನ್ನು. ಮೂರನೇ ಪಿಚಕಾರಿಗೆ ಏನೋ ಉರುಳಿ ಬಂದು ಬೇಸಿನ್ನಿಗೆ ಬಿತ್ತು. ಬಟಾಣಿಯಷ್ಟು ದಪ್ಪದ, ಕಂದು ಬಣ್ಣದ, ಗುಗ್ಗೆ ಸುತ್ತಿಕೊಂಡು ಕಲ್ಲಾಗಿದ್ದ ಹತ್ತಿಯ ಉಂಡೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿದ್ದೆ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಏಳು ಹೆಡ್‌ಫೋನಿಗೆ ಶಾಪ ಹಾಕಿದವಳನ್ನು ಅವತ್ತು ಕಣ್ಣಾರೆ ಕಂಡೆ.

ಆದರೆ ಅತ್ತೆ ಅದನ್ನು ನೋಡಲೇ ಇಲ್ಲ. ಅವಳು ಕೂತಲ್ಲೇ ನೆಟ್ಟಗಾಗಿದ್ದಳು.

"ಬಿತ್ತು," ಅಂದಳು. "ಬಿದ್ದ ಸದ್ದು ಕೇಳಿಸ್ತು. ಎಡಗಡೆಯಿಂದ!"

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಕಡ್ಡಿ ಹೊರಗೆ ಬಂತು. ಬೇಸಿನ್ ತಟ್ಟಿದಳು, ಮೇಜು ತಟ್ಟಿದಳು, ಕುರ್ಚಿಯ ನಾಲ್ಕೂ ಕಾಲು ತಟ್ಟಿದಳು, ಗೋಡೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕಿವಿಯ ಮಾದರಿಯನ್ನೂ ತಟ್ಟಿದಳು. ಡಾಕ್ಟರಮ್ಮ ನಗುತ್ತ ನೀರು ಕುಡಿಯಲು ಗಾಜಿನ ಲೋಟ ಎತ್ತಿದರು. ಅತ್ತೆ ಅದಕ್ಕೂ ಒಂದು ಪೆಟ್ಟು ಕೊಟ್ಟು, ಗಂಭೀರವಾಗಿ ಅವರ ಕೈಯಿಂದ ತೆಗೆದಿಟ್ಟಳು. "ಇದು ಒಡೆದಿದೆ ಡಾಕ್ಟ್ರೇ, ಬೇರೆ ತಗೊಳ್ಳಿ." ಬೆಳಕಿಗೆ ಹಿಡಿದು ನೋಡಿದರೆ, ತಳದಲ್ಲಿ ಕೂದಲೆಳೆಯಷ್ಟು ಬಿರುಕು ನಿಜವಾಗಿಯೂ ಇತ್ತು. ಡಾಕ್ಟರಮ್ಮ ಚೀಟಿಯಲ್ಲಿ ಏನು ಬರೆದರೋ ಗೊತ್ತಿಲ್ಲ, ಬರೆಯುವಾಗ ಪೆನ್ನು ಕುಣಿಯುತ್ತಿತ್ತು.

ಸೋಮವಾರದ ಟೆಸ್ಟಿನ ವಿಷಯ ಈಗಲೇ ಹೇಳಿ ಮುಗಿಸುತ್ತೇನೆ. ಪಾಸಾದಳು. ಪಾಸಾದ ಮೇಲೆ ಒಂದು ವಾರದ ಬುಟ್ಟಿಗಳನ್ನೆಲ್ಲ ವಾಪಸ್ ತರಿಸಿ, ಊಟದ ಬಿಡುವಿನಲ್ಲಿ ಮತ್ತೆ ತಟ್ಟಿ, ಅನ್ಯಾಯವಾಗಿ ಶಿಕ್ಷೆಯಾದ ಮೂವತ್ತನಾಲ್ಕು ಕಪ್ಪುಗಳನ್ನು ಬಿಡುಗಡೆ ಮಾಡಿದಳು.

ಆ ಶನಿವಾರ ಮಾತ್ರ ನಾವು ಬೀದಿಯಲ್ಲಿ ಓಡುತ್ತಿದ್ದೆವು. ಐವತ್ತು ದಾಟಿದ ಹೆಂಗಸು, ಚಪ್ಪಲಿ ಪಟಪಟ ಅನ್ನುವುದು ಎರಡೂ ಕಿವಿಗೆ ಕೇಳುತ್ತದೆ ಅನ್ನುವ ಒಂದೇ ಸಂಭ್ರಮಕ್ಕೆ ಓಡುತ್ತಿದ್ದಳು. ಅಂಗಡಿಯವನು ಶಟರ್ ಅರ್ಧ ಎಳೆದಿದ್ದ. ಅತ್ತೆ ಬಗ್ಗಿ ಒಳಗೆ ನುಗ್ಗಿ, ಕೌಂಟರಿನ ಮೇಲೆ ಇನ್ನೂ ಸಾಲಾಗಿ ಬಿದ್ದಿದ್ದ ಏಳೂ ಹೆಡ್‌ಫೋನುಗಳಿಗೆ ಕೈ ಮುಗಿದಳು.

"ಏಳೂ ಪಾಸ್. ತಪ್ಪು ನಂದು."

ಪಾಸಾದವುಗಳಲ್ಲಿ ಆರಿಸುವುದು ಇನ್ನೊಂದು ಯುದ್ಧವಾಗುತ್ತದೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಸೀದಾ ಮೊದಲನೆಯದನ್ನೇ ಎತ್ತಿಕೊಂಡಳು. ಕಪ್ಪು ಬಣ್ಣದ್ದು, ವೈರಿನದು, ಮಡಿಚುವಂಥದ್ದು. "ಹಗುರ ಇದೆ, ಚೀಲದಲ್ಲಿ ಕೂರುತ್ತೆ, ಚಾರ್ಜ್ ಬೇಡ, ಹಾಡಲ್ಲಿ ಇದ್ದಷ್ಟೇ ಕೇಳಿಸುತ್ತೆ. ಇನ್ನೇನು ಬೇಕು?" ಬೆಲೆ ಚಪ್ಪಲಿಗಿಂತ ಕಮ್ಮಿ. ಕಾಲಿಗೆ ಬೇಜಾರಾಗುವ ಪ್ರಶ್ನೆಯೇ ಬರಲಿಲ್ಲ.

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೆಡ್‌ಫೋನನ್ನು ನನ್ನ ಫೋನಿಗೆ ಸಿಕ್ಕಿಸಿ ಅದೇ ಹಳೆಯ ಹಾಡು ಹಾಕಿಕೊಂಡಳು. ಕೊಳಲು ಬಂದಾಗ ನನ್ನ ಮೊಣಕೈ ತಿವಿದಳು. ಹಾಡುವವಳು ಬಂದಾಗ ಇನ್ನೊಮ್ಮೆ ತಿವಿದಳು. ಆಮೇಲೆ ಕಣ್ಣು ಮುಚ್ಚಿದಳು. ನಾನು ನನ್ನ ಪಾಡಿಗೆ ಹೊರಗೆ ನೋಡುತ್ತಿದ್ದೆ. ಆಗ ಯಾರೋ ಹಾಡುವುದು ಕೇಳಿಸಿತು.

ಅತ್ತೆ ಹಾಡುತ್ತಿದ್ದಳು. ಗುನುಗುವುದಲ್ಲ, ಬಾಯಿ ತೆರೆದು, ಗಂಟಲು ಬಿಟ್ಟು, ಇಡೀ ಬಸ್ಸಿಗೆ ಕೇಳುವ ಹಾಗೆ. ಎರಡೂ ಕಿವಿಯಲ್ಲಿ ಹೆಡ್‌ಫೋನಿನ ಹಾಡು ತುಂಬಿದ್ದರಿಂದ ತನ್ನ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಹದಿನೆಂಟನೇ ವಯಸ್ಸಿನಿಂದ ಅವಳನ್ನು ತಡೆದು ನಿಲ್ಲಿಸಿದ್ದ ಆ ಕಿವಿ ಈಗ ಬೇರೆ ಕೆಲಸದಲ್ಲಿ ಮುಳುಗಿತ್ತು.

ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಸ್ಪಷ್ಟವಾಗಿ ಒಡೆಯಿತು, ನನ್ನಂಥವಳಿಗೂ ಗೊತ್ತಾಗುವಷ್ಟು. ಅವಳು ನಿಲ್ಲಿಸದೆ ಮುಂದಿನ ಸಾಲಿಗೆ ದಾಟಿದಳು. ಮುಂದಿನ ಸೀಟಿನವನು ತಿರುಗಿ ಏನೋ ಹೇಳಲು ಬಾಯಿ ತೆರೆದ. ನಾನು ಅವನನ್ನು ನೋಡಿದ ನೋಟಕ್ಕೆ ಅವನು ಬಾಯಿ ಮುಚ್ಚಿ ಕೂತು, ಸ್ವಲ್ಪ ಹೊತ್ತಿಗೆ ಬೆರಳಲ್ಲಿ ತಾಳ ಹಾಕತೊಡಗಿದ. ಹಿಂದಿನ ಸೀಟಿನ ಅಜ್ಜಿಗೆ ಆ ಹಾಡು ಗೊತ್ತಿತ್ತು, ಅವರೂ ಸೇರಿಕೊಂಡರು. ನನಗೆ ಹೊಟ್ಟೆ ಹಿಡಿದುಕೊಂಡು ನಗಬೇಕು ಅನ್ನಿಸುತ್ತಿತ್ತು, ನಗಲಿಲ್ಲ. ಇಷ್ಟು ವರ್ಷಕ್ಕೆ ಅತ್ತೆ ಹಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೇ ಚರಣದ ನಡುವೆ ನಮ್ಮ ಸ್ಟಾಪ್ ಬಂತು. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿ, ಮುಂದಿನ ಸ್ಟಾಪಿಗೆ ಎರಡು ಟಿಕೆಟ್ ತೆಗೆದುಕೊಂಡೆ.