ದನದ ಡಾಕ್ಟರೂ ನನ್ನ ಓರಗಿತ್ತಿಯೂ

ಡಿಸೆಂಬರ್ ಬಂತೆಂದರೆ ಫೋನು ತಾನಾಗಿಯೇ ಒಂದು ಬಣ್ಣದ ಚಿತ್ರ ಕಳಿಸುತ್ತದೆ. ಈ ವರ್ಷ ನೀವು ಅತಿ ಹೆಚ್ಚು ಕೇಳಿದ ಪಾಡ್‌ಕಾಸ್ಟ್ ಇದು ಎಂದು. ನಿಮಗೂ ಬಂದಿರಬಹುದು. ಮೊನ್ನೆ ಹುಣಸೂರಿನ ಬಸ್ಸಿನಲ್ಲಿ ನಾನದನ್ನು ತೆರೆದಾಗ, ಪಕ್ಕದಲ್ಲಿ ಕುಳಿತ ನಮ್ಮ ಶಾಲೆಯ ಟೀಚರಿಗೂ ಕಾಣಲಿ ಎಂದು ಸ್ವಲ್ಪ ಓರೆಯಾಗಿಯೇ ಹಿಡಿದಿದ್ದೆ. ಇತಿಹಾಸವೋ ಹಳಗನ್ನಡವೋ ಮೊದಲಿರುತ್ತದೆ ಎಂಬ ಭರವಸೆ. ಮೊದಲಿದ್ದದ್ದು ದನದ ಡಾಕ್ಟರೊಬ್ಬರ ಕಾರ್ಯಕ್ರಮ. ಕೆಚ್ಚಲು ಬಾವು, ಕರುವಿನ ಭೇದಿ, ಹಸಿರು ಮೇವು.

"ಮೇಡಂ, ಹಸು ಕಟ್ಟಿದ್ದೀರಾ?" ಎಂದರು ಆಕೆ.

ನಮ್ಮ ಮನೆಯಲ್ಲಿ ಬೆಕ್ಕು ಕೂಡ ಇಲ್ಲ. ಹಸುಗಳು ನನ್ನ ಓರಗಿತ್ತಿ ದೇವೀರಮ್ಮನವು. ನನ್ನ ಭಾವನ ಹೆಂಡತಿ. ನಾನು ಕರೆಯುವುದು ಅಕ್ಕ ಎಂದು. ಗಾವಡಗೆರೆಯಲ್ಲಿ ನಮ್ಮದು ಒಂದೇ ಮನೆಯನ್ನು ಎರಡು ಮಾಡಿದ ಮನೆ. ನಡುವೆ ಎದ್ದ ಗೋಡೆ ಹೆಂಚಿನವರೆಗೆ ಹೋಗಲಿಲ್ಲ, ಗಾಳಿಯಾಡಲಿ ಎಂದು ಮೊಳದಷ್ಟು ಬಿಟ್ಟರು. ಅವರ ಒಗ್ಗರಣೆಗೆ ನಾವು ಸೀನುತ್ತೇವೆ. ನಮ್ಮ ಮಾತು ಅವರಿಗೆ ಊಟಕ್ಕೆ ನೆಂಚಿಕೊಳ್ಳಲು ಆಗುತ್ತದೆ.

ಪಾಡ್‌ಕಾಸ್ಟ್ ಕೇಳುವ ಚಟ ನನಗೆ ಹತ್ತಿದ್ದು ಬಸ್ಸಿನಲ್ಲಿ. ಚಟದ ಜೊತೆಗೇ ಸಿಡಿಮಿಡಿಯೂ ಹತ್ತಿತು. ಜೋಕು ಹೇಳುವ ಮೊದಲೇ ತಾನು ನಗುವವನು ಒಬ್ಬ. ಅತಿಥಿಯನ್ನು ಕರೆದು ಕೂರಿಸಿ ಬಾಯಿ ಬಿಡಲು ಕೊಡದವನು ಇನ್ನೊಬ್ಬ. ಗಂಟೆ ಒತ್ತಿ, ಗೆಳೆಯರಿಗೆ ಕಳಿಸಿ ಎಂದು ಗೋಗರೆಯುವುದರಲ್ಲೇ ನನ್ನ ನಿಲ್ದಾಣ ಬಂದುಬಿಡುತ್ತಿತ್ತು. ಸಾವಿನ ಕತೆಗೆ ಹಿಂದಿನಿಂದ ಪಿಟೀಲು ಬೇರೆ. ಆದರೆ ನನ್ನ ಮೈ ಉರಿಸುತ್ತಿದ್ದದ್ದು ಉಚ್ಚಾರಣೆ. ಒಂದನೇ ತರಗತಿಗೆ ಅಕ್ಷರ ಕಲಿಸುತ್ತ ತಲೆ ನರೆತವಳು ನಾನು. ಕಿವಿಯಲ್ಲಿ ಸದಾ ಒಂದು ಕೆಂಪು ಪೆನ್ನು ಇಟ್ಟುಕೊಂಡೇ ತಿರುಗುತ್ತೇನೆ.

ಆ ಪೆನ್ನೇ ಅಕ್ಕನನ್ನೂ ನನ್ನನ್ನೂ ದೂರ ಮಾಡಿದ್ದು. ಅವಳ ಮಗಳನ್ನು ನೋಡಲು ಬೆಟ್ಟದಪುರದ ಕಡೆಯಿಂದ ಗಂಡಿನವರು ಬಂದಿದ್ದರು. ಹೊಸ ಸೀರೆ ಉಟ್ಟು, ಬೆಳಗಿನಿಂದ ನಿಂತ ಕಾಲಲ್ಲಿ ಅಡುಗೆ ಮಾಡಿದ್ದ ಅಕ್ಕ ಲೋಟಗಳ ತಟ್ಟೆ ಹಿಡಿದು ಬಂದು, "ಆಲು ತಗಳಿ, ನಮ್ಮ ಅಟ್ಟೀದೇಯ" ಎಂದಳು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಆಲು ಅಲ್ಲಕ್ಕಾ, ಹಾಲು," ಎಂದೆ. ಗಂಡಿನ ಸೋದರತ್ತೆ ಕಿಸಕ್ಕೆಂದರು. ಅವರ ಜೊತೆ ನಾನೂ ನಕ್ಕೆ. ಅಕ್ಕ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಮದುವೆಯೇನೋ ಕುದುರಿತು, ಚೆನ್ನಾಗಿಯೇ ಆಯಿತು. ಆದರೆ ಮದುವೆಯ ಊಟದಲ್ಲಿ ಅಕ್ಕ ನನ್ನೆದುರು ನಿಂತು, "ನೀವು ಕುಂತ್ಕಳಿ ಟೀಚರಮ್ಮ, ಏನ್ ಬೇಕೋ ಕೇಳಿ," ಎಂದಳು. ಇಪ್ಪತ್ತು ವರ್ಷ ನನ್ನನ್ನು ನೀನು ಎಂದು ಕರೆದವಳು! ಅಂದಿನಿಂದ ಗೋಡೆಯ ಆಚೆಗೆ ಪಾತ್ರೆಯ ಸದ್ದು ಮಾತ್ರ. ಕ್ಷಮೆ ಕೇಳಬೇಕೆಂದು ಎರಡು ಸಲ ಹಿತ್ತಿಲವರೆಗೆ ಹೋಗಿ, ಒಣಗದ ಬಟ್ಟೆ ಎತ್ತಿಕೊಂಡು ವಾಪಸು ಬಂದಿದ್ದೇನೆ. ಓದಿದವಳ ಜಂಬ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ ನೋಡಿ.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಸಂಜೆ ನಾನು ಉಪ್ಪಿನ ಡಬ್ಬಕ್ಕೆ ಫೋನು ಒರಗಿಸಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಪೇಟೆಯ ಹುಡುಗನೊಬ್ಬ ಕಾಕನಕೋಟೆಯ ಕಾಡಿನಲ್ಲಿ ಹಿಂದೆ ಆನೆ ಹಿಡಿಯುತ್ತಿದ್ದ ಕತೆ ಹೇಳುತ್ತಿದ್ದ. ಕತೆ ಸೊಗಸಾಗಿತ್ತು. ಆದರೆ ಆ ಮಹಾರಾಯ ಆನೆಗೆ ಹಾನೆ ಎನ್ನುತ್ತಿದ್ದ. "ಹಾನೆಗಳ ಹಿಂಡು" ಎಂದ. "ಆನೆ," ಎಂದೆ ನಾನು. "ಗಂಡು ಹಾನೆ" ಎಂದ. "ಆನೆ ಕಣಪ್ಪಾ!" ಎಂದೆ. ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ. ಚಾಕು ಎತ್ತಿ, ತರಗತಿಯಲ್ಲಿ ನಿಂತವಳಂತೆ, "ಆ… ನೆ! ಎಲ್ಲಿ, ಹೇಳು!" ಎಂದು ಕೂಗಿದೆ.

ಗೋಡೆಯ ಮೇಲಿನಿಂದ ಮಾತು ತೂರಿ ಬಂತು: "ಅಯ್ಯೋ ಶಿವ್ನೇ, ಆ ಮಗೀನೂ ಬುಡಾಕಿಲ್ವಲ್ಲ ಈವಮ್ಮ!"

ನಾನು ಹಾಗೆಯೇ ನಿಂತೆ. ಬಾಯಿ ತಪ್ಪಿ ಬಂದ ಮಾತಾಗಿರಬೇಕು. ಆಮೇಲೆ, ನಗು ಒತ್ತಿ ಹಿಡಿದ ದನಿಯಲ್ಲಿ, "ನಾನ್ ನುಂಗಿದ್ ಅಕ್ಷರವೆಲ್ಲಾ ಓಗಿ ಅವನ್ ಬಾಯ್ಗೇ ಸೇರ್ಕಂಡವೆ, ಬುಡು ಅತ್ಲಾಗೆ!"

ನನಗೆ ಬಂದ ನಗು ಎಂಥದೆಂದರೆ ಚಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡೆ. ಆಚೆ ಅಕ್ಕನೂ ಬಿದ್ದು ಬಿದ್ದು ನಗುತ್ತಿದ್ದಳು. ನಗು ನಿಲ್ಲುವ ಮೊದಲೇ ಹಿತ್ತಿಲ ಬಾಗಿಲಿಂದ ಸುತ್ತಿಕೊಂಡು ಓಡಿದೆ. ನಿಂತರೆ ಜಂಬ ಮತ್ತೆ ಬಂದು ಸೆರಗು ಹಿಡಿಯುತ್ತದೆಂದು ಗೊತ್ತಿತ್ತು. ಅಕ್ಕ ಮೊರ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

"ತಪ್ಪಾಯ್ತಕ್ಕಾ. ಅವತ್ತು ಅಷ್ಟು ಜನರ ಮುಂದೆ ಹಂಗನ್ನಬಾರದಿತ್ತು," ಎಂದೆ.

"ತಿದ್ದಿದ್ಕೆ ನಂಗೇನಿಲ್ಲ ಕಣವ್ವ. ಬೀಗರು ನಗಾಡಿದ್ಕೂ ಏನಿಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು, ನಗುವಿನದೋ ಏನೋ. "ನೀನೂ ಅವರ್ ಜತೆ ಸೇರ್ಕಂಡು ನಕ್ಬುಟ್ಟೆ. ಅದು."

ಆಮೇಲೆ ಅವಳೇ ಮೊರ ಕೆಳಗಿಟ್ಟು, "ಸರಿ ಬಾ ಒಳೀಕೆ. ಅದೇನ್ ಕೇಳ್ತೀಯೋ ದಿನಾ, ನಂಗೂ ಕೇಳ್ಸು," ಎಂದಳು. ನೀನು ಎಂದಿದ್ದಳು. ನಾನು ಒಳಗೆ ಹೋದೆ.

ಆಮೇಲಿನದು ನಿಮಗೆ ಗೊತ್ತಾಗಿರಬೇಕು. ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಫೋನು ಅವಳ ಕೊಟ್ಟಿಗೆಯ ಗೂಡಿನಲ್ಲಿ. ಕೇಳುವುದರಲ್ಲಿ ಅಕ್ಕ ನನಗಿಂತ ಕಟ್ಟುನಿಟ್ಟು. ನಾನು ಸಮಯ ಉಳಿಸಲೆಂದು ವೇಗ ಹೆಚ್ಚಿಸಿ ಹಾಕಿದರೆ, "ಇವನ್ಗೇನ್ ಬಸ್ ಬಿಟ್ಟೋಯ್ತದಾ?" ಎನ್ನುತ್ತಾಳೆ. ಹಾಸಿಗೆಯ ಜಾಹೀರಾತು ಬಂದರೆ, "ಎದ್ದು ಸಗಣಿ ಬಾಚೋ ಒತ್ನಲ್ಲಿ ಮನಿಕ್ಕಳಾ ಮಾತಾಡ್ತಾನೆ" ಎಂದು ಬೈಯುತ್ತಾಳೆ. ನನ್ನ ಹಳಗನ್ನಡವನ್ನು ಒಂದೇ ವಾರದಲ್ಲಿ ಹೊರಗೆ ಕಳಿಸಿದಳು. ಒಪ್ಪಿದ್ದು ದನದ ಡಾಕ್ಟರನ್ನು ಮಾತ್ರ. ಕೇಳಿ ಕೇಳಿ ನನಗೂ ಈಗ ಹಸುವಿನ ಕಿವಿ ಮುಟ್ಟಿ ಜ್ವರ ಹೇಳುವಷ್ಟು ಬಂದಿದೆ.

ಹೋದ ತಿಂಗಳು ಡಾಕ್ಟರು, ಕರು ಹಾಕಿದ ಹಸು ನೀರು ಕುಡಿಯದಿದ್ದರೆ ನೀವೇನು ಮಾಡುತ್ತೀರಿ, ನಿಮ್ಮ ದನಿಯಲ್ಲೇ ಹೇಳಿ ಕಳಿಸಿ ಎಂದು ಕೇಳುಗರನ್ನು ಕೇಳಿದರು. ಅಕ್ಕ ನನ್ನತ್ತ ನೋಡಿದಳು. "ನೀನೇ ಏಳು, ನಾನ್ ಏಳ್ಕೊಡ್ತೀನಿ. ನನ್ ಮಾತು ಅಲ್ಲೆಲ್ಲಾ ಬ್ಯಾಡ."

"ಹಸು ನಿಂದು, ಮಾತೂ ನಿಂದೇ ಇರಲಿ," ಎಂದು ಗುಂಡಿ ಒತ್ತಿ ಫೋನು ಅವಳ ಮುಂದೆ ಹಿಡಿದೆ. ಅಕ್ಕ ಮೊದಲು ಕೆಮ್ಮಿದಳು. ಆಮೇಲೆ ಪಕ್ಕದ ಹೊಲದವರಿಗೆ ಹೇಳುವಷ್ಟು ಗಟ್ಟಿಯಾಗಿ ಶುರು ಮಾಡಿದಳು: "ಡಾಕ್ಟ್ರೇ, ಬೆಚ್ಚುನ್ ನೀರ್ಗೆ ಒಂದಿಡಿ ಬೂಸಾ ಉದುರ್ಸಿ. ಕಲಕ್ಬ್ಯಾಡಿ, ಮ್ಯಾಲೇ ತೇಲ್ತಿರ್ಲಿ. ಅದ ನೆಕ್ಕಾಕೆ ಅಂತ ಬಾಯಾಕ್ತದೆ, ನೆಕ್ತಾ ನೆಕ್ತಾ ಬಕೀಟೇ ಕಾಲಿ ಮಾಡ್ತದೆ." ನನ್ನ ಕೈ ಫೋನು ಹಿಡಿದಿತ್ತು, ಬಾಯಿ ಮುಚ್ಚಿತ್ತು. ಕಷ್ಟವೇನೂ ಆಗಲಿಲ್ಲ, ಬೂಸಾ ತೇಲುವ ಬಕೆಟ್ಟು ಕಣ್ಣೆದುರೇ ಬಂದಿತ್ತು.

ಈ ಭಾನುವಾರ ಕೊಟ್ಟಿಗೆಯಲ್ಲಿ ಹೊಸ ಕಂತು ಹಾಕಿದೆವು. ಅರ್ಧದಲ್ಲಿ ಡಾಕ್ಟರು, "ಗಾವಡಗೆರೆಯ ದೇವೀರಮ್ಮನವರ ಮಾತು ಕೇಳಿ. ಇದು ನನಗೂ ಗೊತ್ತಿರಲಿಲ್ಲ," ಎಂದರು. ಅಕ್ಕ ಹಾಲು ಕರೆಯುತ್ತಿದ್ದವಳು ಹಾಗೇ ನಿಲ್ಲಿಸಿದಳು. ಗೂಡಿನಿಂದ ಅವಳದೇ ದನಿ ಕೊಟ್ಟಿಗೆಯ ತುಂಬ ಬಂತು.

"ಇದು ನಾನೇನಾ?" ಎಂದಳು ಮೆಲ್ಲಗೆ.

"ನೀನೇ ಕಣಕ್ಕಾ."

"ಚೆಂದಾಗ್ ಮಾತಾಡಿವ್ನಿ, ಅಲ್ವಾ?"

"ಹೂಂ," ಎಂದೆ. ಅಷ್ಟು ಚೆನ್ನಾಗಿ ಮಾತಾಡಿದವರನ್ನು ಈ ವರ್ಷ ನಾನು ಬೇರೆ ಕೇಳಿರಲಿಲ್ಲ.

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇನ್ನೊಂದ್ ಸಲ ಆಕು. ಡಾಕ್ಟ್ರುದು ಬ್ಯಾಡ, ನಂದಷ್ಟೇ ಆಕು."